ಇಪ್ಪತ್ತರ ಮೇಲಿನ ಒಂದು ರೂಪಾಯಿ

ನಾನು ಶಾಲೆ ಬಿಟ್ಟದ್ದು ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ, ಏಳನೆಯ ಇಯತ್ತೆ ಮುಗಿಸಿದ ಮರುವಾರ. ಬಿಡಿಸಿದರು ಎಂದರೆ ಅಪ್ಪನ ಮೇಲೆ ತಪ್ಪು ಹೊರಿಸಿದಂತಾಗುತ್ತದೆ, ಬಿಟ್ಟೆ ಎಂದರೆ ನನ್ನ ಮೇಲೆ ಬರುತ್ತದೆ. ನಿಜ ಸಂಗತಿ ಏನೆಂದರೆ, ಆ ವರ್ಷ ನಮ್ಮ ಮನೆಯ ಎರಡೂ ಎಮ್ಮೆ ಒಂದೇ ವಾರದಲ್ಲಿ ಈದವು. ಅವುಗಳಿಗೆ ಹುಲ್ಲು ತರುವವರು ಬೇಕಾಗಿತ್ತು. ಶಾಲೆಗೆ ನನ್ನ ಅಗತ್ಯ ಅಷ್ಟೇನೂ ಇರಲಿಲ್ಲ. ಹೀಗೆ ನನ್ನನ್ನು ಶಾಲೆಯಿಂದ ಬಿಡಿಸಿಕೊಂಡು ಬಂದವು ಎಮ್ಮೆಗಳು. ಮೂವತ್ತು ವರ್ಷದ ಮೇಲೆ ಕೊರಳಪಟ್ಟಿ ಹಿಡಿದು ಕಂಪ್ಯೂಟರಿನ ಮುಂದೆ ಕೂಡಿಸಿದವೂ ಅವೇ. ಎಮ್ಮೆಗೆ ಮರೆವು ಹೆಚ್ಚು ಎನ್ನುವವರು ಎಮ್ಮೆ ಸಾಕಿದವರಲ್ಲ.

ನಮ್ಮೂರು ಶೇಡಬಾಳದಿಂದ ಸೈಕಲ್ ಮೇಲೆ ಅರ್ಧ ತಾಸು. ಅಲ್ಲಿಯ ಹಾಲಿನ ಸಂಘದ ಸೆಕ್ರೆಟರಿ ನಾನು. ಎಂಬತ್ತೈದರಲ್ಲಿ ಹನ್ನೊಂದು ಕಿಟಲಿ ಹಾಲಿನಿಂದ ಸುರುವಾದ ಸಂಘ ಇದು. ಅದರ ಕಟ್ಟಡಕ್ಕೆ ಕಲ್ಲು ಹೊತ್ತವನು ನಾನು, ಗಿಲಾವು ಮಾಡಿದವನು ನಾನು, ಬೋರ್ಡು ಬರೆದವನೂ ನಾನೇ. ಹದಿಮೂರು ವರ್ಷದ ರಿಜಿಸ್ಟರಿನಲ್ಲಿ ಒಂದು ಕಡೆಯೂ ಗೀಟು ಹೊಡೆದು ತಿದ್ದಿದ್ದಿಲ್ಲ. ಇದನ್ನು ಹೇಳುವಾಗ ನನ್ನ ಎದೆ ಸ್ವಲ್ಪ ಮುಂದೆ ಬರುತ್ತದೆ. ನೀವು ಅದನ್ನು ನೋಡಿಯೂ ನೋಡದಂತೆ ಇರಬೇಕು. ಕಲಿತವರಿಗೆ ಗೋಡೆಯ ಮೇಲೆ ತೂಗುಹಾಕಲು ಸರ್ಟಿಫಿಕೇಟು ಇರುತ್ತದೆ. ನನ್ನಂಥವನಿಗೆ ಇರುವುದು ಅಕ್ಷರ ಅಷ್ಟೆ.

ಸಂಘದಲ್ಲಿ ನಾನು ಮಾಡಿದ ಕಾಯಿದೆ ಒಂದೇ: ಕಿಟಲಿ ತಂದ ಕೈಗೇ ರೊಕ್ಕ. ಸದಸ್ಯತ್ವದ ಅರ್ಜಿಗೆ ಮನೆಯ ಉತಾರ, ಎಂದರೆ ಗಂಡಸರ ಹೆಸರಿನಲ್ಲಿರುವ ಹಕ್ಕಿನ ಕಾಗದ, ಹಚ್ಚಬೇಕಾಗಿದ್ದುದರಿಂದ ನೂರಾ ಮೂವತ್ತೆಂಟು ಸದಸ್ಯರಲ್ಲಿ ನೂರಾ ಹನ್ನೆರಡು ಮಂದಿ ಗಂಡಸರು. ಆದರೆ ಹಾಲು ತರುವವರು ಹೆಂಗಸರು. ಹುಲ್ಲು ಕೊಯ್ಯುವವರು ಅವರು, ಸಗಣಿ ಬಳಿಯುವವರು ಅವರು, ಎಮ್ಮೆಯ ಒದೆ ತಿನ್ನುವವರೂ ಅವರೇ. ಹತ್ತು ದಿನಕ್ಕೊಮ್ಮೆ ಬಿಲ್ಲಿನ ರೊಕ್ಕವನ್ನು ನಾನು ಅವರ ಅಂಗೈ ಮೇಲೆ ಇಡುತ್ತಿದ್ದೆ. ಅದು ಸೆರಗಿನ ತುದಿಗೆ ಹೋಗಿ ಗಂಟಾಗುತ್ತಿತ್ತು. ಆ ಗಂಟು ಬಿಚ್ಚುವುದು ಅವರ ಕೈಯಲ್ಲೇ ಇತ್ತು.

ತೊಂಬತ್ತೆಂಟರ ಚಳಿಗಾಲದಲ್ಲಿ ಮೇಲಿನ ಡೇರಿಯಿಂದ ಕಾಗದ ಬಂತು. ಬರುವ ಯುಗಾದಿ ಪಾಡ್ಯದಿಂದ ಯಾರಿಗೂ ರೋಖ ಹಣ ಕೈಗೆ ಕೊಡಕೂಡದು. ಬಿಲ್ಲಿನ ಹಣ ಬ್ಯಾಂಕಿನ ಮೂಲಕ ಸದಸ್ಯರ ಖಾತೆಗೆ ನೇರವಾಗಿ ಹೋಗಬೇಕು. ಅದಕ್ಕೆ ಬೇಕಾದ ಪಾವತಿಯ ಫೈಲನ್ನು ಫ್ಲಾಪಿಯಲ್ಲಿ ಹಾಕಿ ಕೊಡಲು ಸೆಕ್ರೆಟರಿ ಈಗಿನಿಂದಲೇ ತಮ್ಮ ಬ್ಯಾಂಕಿನವರೊಡನೆ ಕುಳಿತು ತಯಾರಿ ಮಾಡಿಕೊಳ್ಳಬೇಕು. ಕಾಗದವನ್ನು ಮೂರು ಸಲ ಓದಿದೆ. ನನಗೆ ಸಲೀಸಾಗಿ ತಿಳಿದದ್ದು 'ಕುಳಿತು' ಎಂಬ ಶಬ್ದ ಒಂದೇ.

ಕಾಗವಾಡದ ಬ್ಯಾಂಕಿಗೆ ಹೋದೆ. ಆಗಷ್ಟೇ ಅಲ್ಲಿಗೆ ಕಂಪ್ಯೂಟರು ಬಂದಿತ್ತು. ಅದಕ್ಕೆ ಗಾಜಿನ ಕೋಣೆ, ತಂಪುಗಾಳಿ, ಮೈಮೇಲೊಂದು ಹೊದಿಕೆ. ನಮ್ಮೂರಿನ ಬಾಣಂತಿಗೂ ಅಷ್ಟು ಉಪಚಾರವಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದವರು ನರಸಿಂಹಯ್ಯ ಎಂಬ ಅಧಿಕಾರಿ. ತುಮಕೂರು ಕಡೆಯವರು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮೂರು ವಾರ ತರಬೇತಿ ಪಡೆದು ಬಂದಿದ್ದರು. ನಾನು ಒಳಗೆ ಹೋದಾಗ ಅವರು ಒಂದು ಬೆರಳಿನಿಂದ ಒಂದು ಗುಂಡಿ ಒತ್ತಿ, ಏನಾಯಿತೋ ಎಂದು ಹಿಂದೆ ಸರಿದು ನೋಡುತ್ತಿದ್ದರು. ಒದೆಯುವ ಎಮ್ಮೆಯನ್ನು ನಾನೂ ಹೀಗೆಯೇ ಮುಟ್ಟುವುದು. ಇವರ ಜೊತೆ ನನ್ನದು ನಡೆಯುತ್ತದೆ ಎಂದು ಆ ಕ್ಷಣಕ್ಕೇ ಅನಿಸಿತು.

"ನೋಡಿ ಸೆಕ್ರೆಟರಿಗಳೇ," ಎಂದು ಅವರು ಹಾಳೆಯ ಮೇಲೆ ಮನೆ ಎಳೆದರು. "ಒಬ್ಬರಿಗೆ ಒಂದು ಸಾಲು. ಮೊದಲು ಕ್ರಮಸಂಖ್ಯೆ, ಆಮೇಲೆ ಖಾತೆ ನಂಬರು, ಹೆಸರು, ಮೊತ್ತ. ಕೊನೇಲಿ ಒಟ್ಟು ಮೊತ್ತ. ನಿಮ್ಮ ಕಾಗದದಲ್ಲಿ ಇರೋ ಒಟ್ಟೂ ಫ್ಲಾಪೀಲಿ ಇರೋ ಒಟ್ಟೂ ಒಂದೇ ಆಗ್ಬೇಕು. ಮೊದಲು ಒಂದು ಪರೀಕ್ಷೆ ಫೈಲು ಕಳಿಸೋಣ. ಅದು ಸರಿಹೋದ್ರೆ ನಿಜವಾದ್ದು."

"ಖಾತೆ ಯಾರ ಹೆಸರಲೇ ಇರಬೇಕ್ರಿ?" ಎಂದೆ.

"ಸದಸ್ಯರ ಹೆಸರಲ್ಲೇ ಅಲ್ವೇ?"

ಅಲ್ಲಿಗೆ ಬಂತು ಕಂಟಕ. ಈ ಮಾತು ನಾನು ಊರು ಮುಟ್ಟುವುದಕ್ಕೆ ಮೊದಲೇ ಊರು ಮುಟ್ಟಿತ್ತು. ಮರುದಿನ ನಸುಕಿನಲ್ಲಿ ಸಂಘದ ಬಾಗಿಲು ತೆರೆದರೆ ಮುಂದೆ ಅಕ್ಕಾತಾಯಿ ನಿಂತಿದ್ದಳು. ಅರವತ್ತರ ಹೆಂಗಸು, ನಾಲ್ಕು ಎಮ್ಮೆಯ ಒಡತಿ. ಸಂಘದ ಮೊದಲನೆಯ ದಿನ ಮೊದಲನೆಯ ಕಿಟಲಿ ತಂದವಳು. ಅವಳ ಮುಂದೆ ಇದುವರೆಗೆ ಯಾರೂ ಪಾಳಿ ಹಚ್ಚಿದ್ದಿಲ್ಲ. ನನಗೆ ಒಡಹುಟ್ಟಿದ ಅಕ್ಕತಂಗಿಯರಿಲ್ಲ. ಬುದ್ಧಿ ಬಂದಾಗಿನಿಂದ ಅವಳನ್ನೇ ಅಕ್ಕ ಎನ್ನುತ್ತೇನೆ.

"ಏನೋ ಅಣ್ಣಾಸಾಬ, ಹಾಲ ಹಿಂಡಾವ್ರು ನಾವು, ರೊಕ್ಕ ಗಂಡಸರ ಖಾತೆಕ್ಕೇನು?"

"ಬ್ಯಾಂಕಿನ ಕಾನೂನು ಬೇ ಅಕ್ಕಾ. ನಂದೇನೈತಿ ಅದರಾಗ?"

"ಬ್ಯಾಂಕಿನಾವ್ರು ಎಮ್ಮಿ ಕೆಚ್ಚಲ ನೋಡ್ಯಾರೇನು? ಕೇಳಿಲ್ಲಿ. ಚೌಕನ್ಯಾಗ ಮಿರಜದ ಹಾಲಿನ ಟೆಂಪೋ ನಿಂದರತೈತಿ. ಅವ ದಿನಾ ಕೈಯಾಗ ಎಣಿಸ್ತಾನ. ಎರಡ ರೂಪಾಯಿ ಕಡಿಮಿ ಕೊಡವಲ್ಲನ್ಯಾಕ, ಕೈಯಾಗರ ಕೊಡ್ತಾನ. ಪಾಡ್ಯೇದ ದಿನ ನಾವೆಲ್ಲಾ ಅಲ್ಲೇ."

ಹಿಂದೆ ನಿಂತ ಪಾಳಿ ಪೂರಾ ಸುಮ್ಮನಿತ್ತು. ಹೆಂಗಸರ ಪಾಳಿ ಸುಮ್ಮನಿದ್ದರೆ ಅದು ಠರಾವು ಪಾಸಾದಂತೆ. ಅವರು ಟೆಂಪೋಕ್ಕೆ ಹೋದರೆ ನನ್ನ ಸಂಘ ಹದಿನೈದು ದಿನವೂ ಬಾಳುವುದಿಲ್ಲ. ನಾನು ಹೊತ್ತ ಕಲ್ಲು, ಬರೆದ ಬೋರ್ಡು, ತಿದ್ದದ ರಿಜಿಸ್ಟರು ಎಲ್ಲವೂ ಕೊನೆಗೆ ಎಮ್ಮೆ ಕಟ್ಟುವ ಜಾಗವಾಗುತ್ತದೆ. ಹಾಲು ಕೆಡದಂತೆ ಇಡುವುದು ನನಗೆ ಗೊತ್ತಿತ್ತು. ಹಾಲು ತರುವವರು ಕೆಡದಂತೆ ಇಡುವುದು ಹೇಗೆಂದು ಗೊತ್ತಿರಲಿಲ್ಲ.

ಮತ್ತೆ ಕಾಗವಾಡಕ್ಕೆ ಸೈಕಲ್ ಹೊಡೆದೆ. ನರಸಿಂಹಯ್ಯನವರು ಪೂರಾ ಕೇಳಿದರು. ಕನ್ನಡಕ ಒರೆಸಿಕೊಂಡರು. "ಈ ಯಂತ್ರಕ್ಕೆ ಗಂಡ ಹೆಂಡತಿ ಗೊತ್ತಿಲ್ಲ ಸೆಕ್ರೆಟರಿಗಳೇ. ಅದು ನೋಡೋದು ಖಾತೆ ನಂಬರು ಮಾತ್ರ. ನೀವು ಯಾರ ನಂಬರು ಬರೀತೀರೋ ಅವರಿಗೆ ಹೋಗುತ್ತೆ. ಸದಸ್ಯರು 'ನನ್ನ ಬಿಲ್ಲು ನನ್ನ ಹೆಂಡತಿ ಖಾತೆಗೆ ಹೋಗಲಿ' ಅಂತ ಸಹಿ ಹಾಕಿ ಕೊಟ್ರೆ ನಂದೇನೂ ತಕರಾರಿಲ್ಲ."

ನನಗೆ ಕಂಪ್ಯೂಟರಿನ ಮೇಲೆ ಪ್ರೀತಿ ಹುಟ್ಟಿದ್ದು ಆವತ್ತು. ಗಂಡ ಹೆಂಡತಿ ಗೊತ್ತಿಲ್ಲದ ಪ್ರಾಣಿ ಎಂದರೆ ಊರಿನ ಎಷ್ಟೋ ಜಗಳದಿಂದ ದೂರ ಇರುವ ಪ್ರಾಣಿ.

ನೂರಾ ಹನ್ನೆರಡು ಸಹಿ. ನೂರಾ ಹನ್ನೊಂದು ಒಂದು ವಾರದಲ್ಲಿ ಬಂದವು. ಹೇಗೆ ಬಂದವು ಎಂದು ನಾನು ಯಾರ ಮನೆಯಲ್ಲಿಯೂ ಕೇಳಲಿಲ್ಲ. ಉಳಿದದ್ದು ಒಂದು, ಅಕ್ಕಾತಾಯಿಯ ಗಂಡ ಬಾಳಗೌಡನದು. "ಉತಾರ ನಂದು, ಎಮ್ಮಿ ಕಟ್ಟೂ ಗ್ವಾದ್ಲಿ ನಂದು, ಸಹಿ ಯಾಕ ಮಾಡ್ಲಿ?" ಎಂದು ಮೀಸೆ ಹುರಿ ಮಾಡಿ ಕುಳಿತ. ಅಕ್ಕಾತಾಯಿ ಬೈಯಲಿಲ್ಲ, ಅಳಲಿಲ್ಲ. ಸಂಜೆ ಹಾಲು ಹಿಂಡುವ ತಂಬಿಗೆಯನ್ನು ಅವನ ಮುಂದಿಟ್ಟು ಮಗ್ಗಲ ಮನೆಯ ಕಟ್ಟೆಗೆ ಹೋಗಿ ಕುಳಿತಳು.

ನಮ್ಮ ಕಡೆಯ ಎಮ್ಮೆಗಳ ಗುಣ ನಿಮಗೆ ಹೇಳಬೇಕು. ಹಿಂಡುವ ಕೈ ಬದಲಾದರೆ ಅವು ತೊರೆ ಬಿಡುವುದಿಲ್ಲ, ಹಾಲು ಇಳಿಸುವುದಿಲ್ಲ. ಹಿಂಡಿ ಇಟ್ಟರೂ ಇಲ್ಲ, ಕರು ಬಿಟ್ಟರೂ ಇಲ್ಲ. ಅದಕ್ಕೆ ಗಂಡಸರು ಹಿಂದಿನಿಂದ ಕಂಡುಕೊಂಡ ಉಪಾಯವೆಂದರೆ ಹೆಂಡತಿಯ ಸೀರೆ ಹೊದ್ದುಕೊಂಡು ಕೂಡುವುದು. ಬಾಳಗೌಡ ಇರಕಲ್ ಸೀರೆ ಹೊದ್ದು, ಮೀಸೆಯ ಮೇಲೆ ಸೆರಗು ಎಳೆದುಕೊಂಡು ಕುಳಿತ. ಮೊದಲನೆಯ ಎಮ್ಮೆ ಮೂಸಿ ನೋಡಿತು, ಸೀರೆ ಒಪ್ಪಿತು. ಕೈ ಹಾಕಿದ ಕೂಡಲೇ ತಂಬಿಗೆ ಒಂದು ಕಡೆ, ಗೌಡ ಒಂದು ಕಡೆ. ಕಟ್ಟೆಯ ಮೇಲಿನ ಹೆಂಗಸರು ನಗಲಿಲ್ಲವೆಂದು ಇಂದಿಗೂ ಆಣೆ ಮಾಡಿ ಹೇಳುತ್ತಾರೆ. ಮರುದಿನ ಬೆಳಿಗ್ಗೆ ಗೌಡ ಕುಂಟುತ್ತ ಸಂಘಕ್ಕೆ ಬಂದು, "ಎಲ್ಲಿ ಮಾಡೂದ್ರಿ ಸೆಕ್ರೆಟರಿ ಸಾಹೇಬ್ರ?" ಎಂದು ಬಹುವಚನದಲ್ಲಿ ಕೇಳಿದ. ಅಲ್ಲಿಯವರೆಗೆ ನನ್ನನ್ನು ಅವನು 'ಲೇ' ಎನ್ನುತ್ತಿದ್ದ.

ಖಾತೆ ತೆರೆಯುವ ದಿನ ಊರಿಗೆ ಊರೇ ಕಾಗವಾಡದಲ್ಲಿತ್ತು. ಪೆಟ್ಟಿಗೆಯ ತಳದ ಸೀರೆಗಳೆಲ್ಲ ಹೊರಗೆ ಬಂದಿದ್ದವು. ಫೋಟೋದವನು "ನಗಬೇಡ್ರಿ" ಎಂದಷ್ಟೂ ನಗು. ಒಬ್ಬೊಬ್ಬರು ಇಪ್ಪತ್ತು ರೂಪಾಯಿ ಕಟ್ಟಬೇಕಾಗಿತ್ತು. ಬೇಳೆಯ ಡಬ್ಬಿಯಲ್ಲಿ ಮುಚ್ಚಿಟ್ಟದ್ದನ್ನು ತಂದಿದ್ದರು. ಕ್ಯಾಷಿಯರನ ಮೇಜಿನ ಮೇಲೆ ಸಂಜೆಯ ಹೊತ್ತಿಗೆ ಒಂದು ಹಿಡಿ ತೊಗರಿಬೇಳೆಯೂ ಜಮಾ ಆಗಿತ್ತು.

ಇನ್ನು ಫ್ಲಾಪಿ. ಸಂಘದಲ್ಲಿ ಕಂಪ್ಯೂಟರಿಲ್ಲದ್ದರಿಂದ ಕಾಗವಾಡದ ಟೈಪಿಂಗ್ ಕ್ಲಾಸಿನಲ್ಲಿ ಕುಳಿತು ಮಾಡಿಸಿದೆ. ನಾನು ಹೇಳುವುದು, ಅಲ್ಲಿಯ ಮಾಸ್ತರರು ಬಡಿಯುವುದು. ಖಾತೆಯ ನಂಬರುಗಳೆಲ್ಲ ಹನ್ನೊಂದು ಅಂಕಿ, ಅದರಲ್ಲಿ ಮುಂದಿನ ಐದು ಬರೀ ಸೊನ್ನೆ. ಮುಂದೆ ಇದ್ದ ಸೊನ್ನೆಗೆ ಬೆಲೆಯಿಲ್ಲವೆಂದು ಎರಡನೆಯ ಇಯತ್ತೆಯಲ್ಲೇ ಕಲಿತಿದ್ದೆ. ಮಾಸ್ತರರ ಕೈ ನೋಯದಿರಲಿ ಎಂದು ಎಲ್ಲ ಸೊನ್ನೆ ಬಿಡಿಸಿದೆ. ಆ ಹೊತ್ತು ನನ್ನ ಗಣಿತಕ್ಕೆ ನಾನೇ ಶಹಬ್ಬಾಸ್ ಎಂದುಕೊಂಡೆ. ಕಂಪ್ಯೂಟರು ನೂರಾ ಮೂವತ್ತೆಂಟೂ ಸಾಲನ್ನು ತಿರುಗಿಸಿ ಎಸೆಯಿತು.

ನರಸಿಂಹಯ್ಯನವರು ನಕ್ಕರು. "ಬೆಲೆ ಇಲ್ಲ ನಿಜ. ಜಾಗ ಇದೆಯಲ್ಲ."

ಸೈಕಲ್ ತುಳಿಯುತ್ತ ಮನೆ ಮುಟ್ಟುವವರೆಗೂ ಆ ಮಾತನ್ನೇ ಮೆಲುಕು ಹಾಕಿದೆ. ಏಳನೆಯ ಇಯತ್ತೆಯವನಿಗೆ ಯಾರೂ ಇಷ್ಟು ಸಮಾಧಾನದ ಮಾತು ಹೇಳಿರಲಿಲ್ಲ.

ಎರಡನೆಯ ಫ್ಲಾಪಿಯೂ ತಿರುಗಿ ಬಂತು. ಈ ಸಲ ಒಂದೇ ಸಾಲು ತಪ್ಪು, ಮೊದಲನೆಯದು. "ಈ ಲಾಭ ಅನ್ನೋದು ಏನ್ರೀ?" ಎಂದು ಅವರು ಗಾಜಿನ ಮೇಲೆ ಬೆರಳಿಟ್ಟು ತೋರಿಸಿದರು. ನೋಡಿದೆ. ನಾಚಿಕೆಯಾಯಿತು. ನಮ್ಮಲ್ಲಿ ಕಾಳು ಅಳೆಯಲಿ, ಹಾಲು ಅಳೆಯಲಿ, ಮೊದಲನೆಯ ಅಳತೆಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತೇವೆ. ಲಾಭ, ಎರಡು, ಮೂರು ಎಂದೇ ಎಣಿಕೆ. ಹದಿಮೂರು ವರ್ಷ ಅಕ್ಕಾತಾಯಿಯ ಹಾಲಿಗೆ ಲಾಭ ಎಂದವನು ಯಾದಿಯಲ್ಲಿಯೂ ಅವಳ ಹೆಸರಿನ ಮುಂದೆ ಅದನ್ನೇ ಹೇಳಿದ್ದೆ, ಮಾಸ್ತರರೂ ನಮ್ಮ ಕಡೆಯವರೇ, ಹೇಳಿದ್ದನ್ನು ಹೂಂ ಎಂದು ಬಡಿದಿದ್ದರು. ಇಬ್ಬರಿಗೂ ಅದು ತಪ್ಪು ಎಂದು ಹೊಳೆದಿರಲೇ ಇಲ್ಲ. ನರಸಿಂಹಯ್ಯನವರು ನನ್ನ ವಿವರಣೆ ಕೇಳಿ, "ಒಳ್ಳೇ ಪದ್ಧತಿ. ಆದ್ರೆ ಇದಕ್ಕೆ ಅಂಕಿನೇ ಬೇಕು" ಎಂದರು. ಲಾಭವನ್ನು ಅಳಿಸಿ ಒಂದು ಮಾಡುವಾಗ ಮನಸ್ಸಿಗೆ ಸ್ವಲ್ಪ ಇರಿಸುಮುರಿಸಾಯಿತು. ಫ್ಲಾಪಿಯ ಮೇಲಿನ ಚೀಟಿಯಲ್ಲಿ ಮೂಲೆಗೆ ಸಣ್ಣದಾಗಿ ಲಾಭ ಎಂದು ಬರೆದೆ. ಅಲ್ಲಿ ಯಂತ್ರದ ಕಣ್ಣು ಬೀಳುವುದಿಲ್ಲವಂತೆ.

ಮೂರನೆಯದು ನಡೆಯಿತು. ಪರೀಕ್ಷೆಗೆಂದು ಸಂಘದ ಖಾತೆಯಿಂದ ಒಬ್ಬೊಬ್ಬರಿಗೆ ಒಂದೊಂದು ರೂಪಾಯಿ ಕಳಿಸಿದೆವು. ಗುಂಡಿ ಒತ್ತುವಾಗ ನರಸಿಂಹಯ್ಯನವರು ಕಣ್ಣು ಮುಚ್ಚಿದರು, ನಾನೂ ಮುಚ್ಚಿದೆ. ತೆರೆದಾಗ ನೂರಾ ಮೂವತ್ತೆಂಟು ರೂಪಾಯಿ ನೂರಾ ಮೂವತ್ತೆಂಟು ಕಡೆ ಹೋಗಿ ಕುಳಿತಿತ್ತು. ಇಬ್ಬರೂ ಹೊರಗೆ ಹೋಗಿ ಚಹಾ ಕುಡಿದೆವು. ಅವರು ಎರಡು ಕಪ್ಪು ಕುಡಿದರು.

ಮೂರು ದಿನದ ಮೇಲೆ ಅಕ್ಕಾತಾಯಿ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕು ತುಂಬಿಸಿಕೊಂಡು ಬಂದಳು. ಅವಳ ಹಿಂದೆ ಇಪ್ಪತ್ತು ಮೂವತ್ತು ಮಂದಿ. ಎಲ್ಲರ ಪುಸ್ತಕದಲ್ಲಿಯೂ ಒಂದೇ ಅಂಕಿ: ಇಪ್ಪತ್ತೊಂದು.

ನಮ್ಮ ಕಡೆ ಯಾರಿಗೇ ಆಗಲಿ ಉಡುಗೊರೆಯ ರೊಕ್ಕ ಮುಟ್ಟಿಸುವಾಗ ತುಂಬಿದ ಅಂಕಿ ಕೊಡುವುದಿಲ್ಲ. ಇಪ್ಪತ್ತು ಕೊಡುವಲ್ಲಿ ಇಪ್ಪತ್ತೊಂದು, ಐವತ್ತು ಕೊಡುವಲ್ಲಿ ಐವತ್ತೊಂದು. ಮೇಲಿನ ಆ ಒಂದು ರೂಪಾಯಿ ಏಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನಗೆ ತೋಚುವುದಿಷ್ಟು: ಅದು ಇಲ್ಲದಿದ್ದರೆ ವ್ಯವಹಾರ ಮುಗಿಯಿತು, ಇದ್ದರೆ ಬಳಕೆ ಉಳಿಯಿತು. ತವರಿಗೆ ಬಂದ ಹೆಣ್ಣುಮಗಳಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಕುಬುಸದ ಖಣದ ಜೊತೆಗೆ ಸೆರಗಿನಲ್ಲಿ ಬೀಳುವ ನಾಣ್ಯವೂ ಅದೇ. ಈಗ ನೀವೇ ನೋಡಿ. ತಾವೇ ಕಟ್ಟಿದ್ದು ಇಪ್ಪತ್ತು. ಅದರ ಮೇಲೆ ತಾನಾಗಿ ಬಂದದ್ದು ಒಂದು. ಅದೂ ಹೆಸರು ಹಿಡಿದು ಬಂದದ್ದು.

"ಸಂಘ ನಮಗ ಉಡಿ ತುಂಬೇತಿ ಬೇ," ಎಂದು ಅಕ್ಕಾತಾಯಿ ಪಾಳಿಯ ತುಂಬ ಹೇಳಿಬಿಟ್ಟಳು. ಪರೀಕ್ಷೆ ಎಂದು ಹೇಳಬೇಕೆಂದು ನಾನು ಬಾಯಿ ತೆರೆದೆ. ಆ ಮುಖಗಳನ್ನು ನೋಡಿ ಮುಚ್ಚಿಕೊಂಡೆ. ಅದು ನನ್ನ ತಪ್ಪು.

ಮರುವಾರ ಬ್ಯಾಂಕಿನಿಂದ ಚೀಟಿ ಬಂತು: ಪರೀಕ್ಷೆಯ ಮೊತ್ತವನ್ನು ಎಲ್ಲ ಖಾತೆಗಳಿಂದ ಹಿಂದಕ್ಕೆ ತೆಗೆದು ಸಂಘದ ಖಾತೆಗೆ ತುಂಬಿಕೊಳ್ಳುವುದು, ನಂತರವೇ ನಿಜವಾದ ಫೈಲು. ನಿಯಮ ಸರಿಯಾಗಿಯೇ ಇತ್ತು. ನನ್ನ ಹೆಂಡತಿ ಶಾಂತಾ ಚೀಟಿ ಓದಿಸಿಕೊಂಡು ಕೇಳಿ, ಹಣೆ ಗಟ್ಟಿಸಿಕೊಂಡಳು. "ತುಂಬಿದ ಉಡಿ ಬಿಚ್ಚಿ ತಗೋತಾರೇನ್ರಿ ಯಾರರ? ನೀವೇನ್ ಮಾಡಾಕತ್ತೀರಿ ನಿಮಗ ಗೊತ್ತೈತೇನು?"

ಸಂಜೆಯ ಹೊತ್ತಿಗೆ ಪಾಳಿಗೂ ಗೊತ್ತಾಯಿತು. ಅಕ್ಕಾತಾಯಿ ಕೂಗಾಡಲಿಲ್ಲ. ಪಾಸ್‌ಬುಕ್ಕನ್ನು ತಕ್ಕಡಿಯ ಮೇಲೆ ಇಟ್ಟಳು. "ತಮ್ಮಾ, ಇದ್ನ ನೀನ ಇಟಗೋ. ಕೊಟ್ಟ ಕಸಗೋಳೂ ಮನಿ ರೊಕ್ಕ ನನಗ ಬ್ಯಾಡ. ನಾಳಿಂದ ಟೆಂಪೋ." ತಕ್ಕಡಿಯ ಮುಳ್ಳು ಕದಲಲಿಲ್ಲ, ಪುಸ್ತಕಕ್ಕೆ ಅಷ್ಟು ತೂಕವಿರಲಿಲ್ಲ. ಅವಳ ಹಿಂದಿನವಳೂ ತನ್ನದನ್ನು ಇಟ್ಟಳು, ಅವಳ ಹಿಂದಿನವಳೂ. ಸ್ವಲ್ಪ ಹೊತ್ತಿಗೆ ಮುಳ್ಳು ಕದಲಿತು.

ಎರಡು ತಿಂಗಳ ದುಡಿತ, ನೂರಾ ಹನ್ನೆರಡು ಸಹಿ, ಮೂರು ಫ್ಲಾಪಿ, ಒಬ್ಬ ಗೌಡನ ಸೊಂಟ ಎಲ್ಲ ಒಂದು ರೂಪಾಯಿಗೆ ಬಂದು ನಿಂತಿತ್ತು. ಪಾಸ್‌ಬುಕ್ಕುಗಳನ್ನು ಚೀಲಕ್ಕೆ ತುಂಬಿಕೊಂಡು ಬೆಳಿಗ್ಗೆ ಕಾಗವಾಡಕ್ಕೆ ಹೋದೆ. ಜೇಬಿನಲ್ಲಿ ನೂರಾ ಮೂವತ್ತೆಂಟು ರೂಪಾಯಿ, ನನ್ನ ಸ್ವಂತದ್ದು. ನರಸಿಂಹಯ್ಯನವರ ಮೇಜಿನ ಮೇಲೆ ಇಟ್ಟು, "ಸಾಹೇಬ್ರ, ಸಂಘದ ಖಾತೆಕ್ಕ ಇದ್ನ ತುಂಬ್ರಿ. ಅವರ ಒಂದೊಂದು ರೂಪಾಯಿಗೆ ಕೈ ಹಚ್ಚಬ್ಯಾಡ್ರಿ" ಎಂದೆ.

"ಆಗ್ಬಹುದು. ಆದ್ರೆ ಆಗ ಅದು ಪರೀಕ್ಷೆ ಆಗಲ್ಲ, ಪಾವತಿ ಆಗುತ್ತೆ. ಪಾವತಿಗೆ ಕಾರಣ ಬರೀಬೇಕು. ಹಾಲಿನ ಬಿಲ್ಲಲ್ಲ, ಬೋನಸ್ಸಲ್ಲ. ಏನಂತ ಬರೀಲಿ?"

ನಾನು ಉಡಿಯ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ನಮ್ಮ ಕಡೆ ಮಡಿಲಕ್ಕಿ ಅಂತೀವಿ," ಎಂದರು. "ನನ್ನ ತಂಗಿ ಹಬ್ಬಕ್ಕೆ ಬಂದಾಗ ನಾನು ಊರಲ್ಲೇ ಇರಲ್ಲ. ಮೂವತ್ತನಾಲ್ಕು ವರ್ಷ ಬರೀ ವರ್ಗಾವಣೆ." ಆಮೇಲೆ ವೋಚರು ಎಳೆದುಕೊಂಡು, ಕಾರಣದ ಜಾಗದಲ್ಲಿ ದುಂಡಗೆ ಬರೆದರು: ಉಡಿ. ಸಹಿ ಮಾಡಿದರು. ನಾನೂ ಮಾಡಿದೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ಸಹಿಗಳಲ್ಲಿ ಅದರಷ್ಟು ಚೆಂದ ಬಂದದ್ದು ಮತ್ತೊಂದಿಲ್ಲ.

ಸಂಜೆ ಪಾಸ್‌ಬುಕ್ಕುಗಳನ್ನು ತಿರುಗಿ ಹಂಚಿದೆ. ಅಕ್ಕಾತಾಯಿ ತನ್ನದನ್ನು ಬಿಡಿಸಿ, ಅಂಕಿ ಓದಲು ಬಾರದಿದ್ದರೂ ಬೆರಳಿಟ್ಟು ನೋಡಿದಳು. "ಐತಲ್ಲ?" ಎಂದಳು.

"ಐತಿ ಬೇ."

"ಹಂಗಾರ ಹಾಲ ಅಳಿ. ಹೊತ್ತಾತು."

ಲಾಭ ಎಂದು ಅಳೆದೆ.

ಪಾಡ್ಯದ ದಿನ ನಿಜವಾದ ಫೈಲು ಹೋಯಿತು, ಒಂದು ಸಾಲೂ ತಿರುಗಿ ಬರಲಿಲ್ಲ. ಚೌಕಿನ ಟೆಂಪೋದವನು ಎಂಟು ದಿನ ಕಾದು ಬೇರೆ ಊರು ನೋಡಿಕೊಂಡ. ಸೆರಗಿನ ಗಂಟು ಹೋಗಿ ಪಾಸ್‌ಬುಕ್ಕು ಬಂತು. ಅದೂ ಈಗ ಸೆರಗಿನಲ್ಲೇ ಇರುತ್ತದೆ. ಒಂದು ಮಾತು ಮಾತ್ರ ಬ್ಯಾಂಕಿನ ದೊಡ್ಡವರಿಗೆ ಬಗೆಹರಿಯಲಿಲ್ಲ. ಹೆಂಗಸರು ಬಿಲ್ಲಿನ ರೊಕ್ಕವನ್ನೆಲ್ಲ ತೆಗೆಯುತ್ತಾರೆ, ಆದರೆ ಯಾರ ಖಾತೆಯೂ ಇಪ್ಪತ್ತೊಂದರ ಕೆಳಗೆ ಇಳಿಯುವುದಿಲ್ಲ. ಇಪ್ಪತ್ತು ಇರಬೇಕೆಂಬುದು ಬ್ಯಾಂಕಿನ ನಿಯಮ. ಮೇಲಿನ ಒಂದು ಯಾರ ನಿಯಮವೆಂದು ಮೇಲಿನ ಆಫೀಸಿನವರು ಕೇಳಿದರಂತೆ. ನರಸಿಂಹಯ್ಯನವರು ಏನು ಉತ್ತರ ಬರೆದರೋ ನನಗೆ ಹೇಳಲಿಲ್ಲ.

ನಾನು ತಿಳಿದುಕೊಂಡದ್ದು ಲೆಕ್ಕ ಮುಗಿಯಿತೆಂದು. ಶ್ರಾವಣದಲ್ಲಿ ಪಂಚಮಿ ಬಂತು. ನಮ್ಮಲ್ಲಿ ಪಂಚಮಿ ಎಂದರೆ ಹೆಣ್ಣುಮಕ್ಕಳು ಅಣ್ಣ ತಮ್ಮಂದಿರ ಮನೆಗೆ ಬರುವ ಹಬ್ಬ. ಬರುವಾಗ ಉಂಡಿ ತರುತ್ತಾರೆ. ನನಗೆ ಬರುವವರು ಯಾರೂ ಇರಲಿಲ್ಲವಾದ್ದರಿಂದ ಪ್ರತಿ ವರ್ಷ ಆ ದಿನ ನಾನು ಹೊಲಕ್ಕೆ ಹೋಗಿ ಕೆಲಸ ಮಾಡುತ್ತಿದ್ದೆ, ಗಟ್ಟಿಯಾಗಿಯೇ ಮಾಡುತ್ತಿದ್ದೆ. ಈ ಸಲ ಹೊರಡುವ ಹೊತ್ತಿಗೆ ಶಾಂತಾ ನನ್ನ ಕೈಯಿಂದ ಕುಡಗೋಲು ಕಸಿದುಕೊಂಡು, ಬಾಗಿಲ ಕಡೆ ತೋರಿಸಿದಳು. ಅಕ್ಕಾತಾಯಿ ಡಬ್ಬಿ ಹಿಡಿದು ನಿಂತಿದ್ದಳು. ಅವಳ ಹಿಂದೆ, ಹಾಲಿಗೆ ನಿಂತ ಹಾಗೆಯೇ, ಓಣಿಯ ತುದಿಯವರೆಗೆ ಪಾಳಿ.

"ಉಡಿ ತುಂಬಿದಾವ ನೀನಂತ ಶಾಂತಾ ಹೇಳ್ಯಾಳ," ಎಂದಳು. "ಸಂಘ ಅಲ್ಲಂತ. ಬಾಯಿ ಮುಚ್ಚಿಕೊಂಡ ಕುಂತಿದ್ದೆಲ್ಲೋ ಇಷ್ಟ ದಿನ? ಹಿಡಿ. ಶೇಂಗಾದವು ಮ್ಯಾಲೆ ಅದಾವ, ಎಳ್ಳಿನವು ತಳಕ್ಕ."

ಡಬ್ಬಿಗಳನ್ನು ಇಳಿಸಿಕೊಳ್ಳುತ್ತ ನಾನು ಎಣಿಸಲು ಸುರುಮಾಡಿದೆ. ಲಾಭ, ಎರಡು, ಮೂರು. ಅರ್ಧಕ್ಕೆ ತಪ್ಪಿತು. ಶಾಂತಾ ಮೊದಲಿನಿಂದ ಎಣಿಸಿರಿ ಎಂದಳು. ಕಣ್ಣಿಗೆ ಏನೋ ಬಿದ್ದಿದೆ ಎಂದು ಹೇಳಿ ಅವಳಿಗೇ ವಹಿಸಿಕೊಟ್ಟೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಎಮ್ಮೆ ಮೂರು. ಸೈಕಲ್ಲು ಒಂದು. ಫ್ಲಾಪಿ ಮೂರು, ಅದರಲ್ಲಿ ಎರಡು ನಡೆಯದವು. ಏಳನೆಯ ಇಯತ್ತೆಯ ದಾಖಲೆ ಒಂದು. ಇನ್ನೂ ತಿರುಗಿ ಕೊಡಬೇಕಾದ ಡಬ್ಬಿ ನಲವತ್ತಾರು, ಬರಿದಾಗಿ ಕೊಡುವ ಹಾಗಿಲ್ಲ. ಅಕ್ಕತಂಗಿಯರು ನೂರಾ ಮೂವತ್ತೆಂಟು.